1960ರ ಲ್ಯಾಂಡ್ ರೋವರ್: ಜಾಮ್ ಆದ ಮೂಲ ಎಂಜಿನ್ ಉಳಿಸುವುದೋ, ಡೀಸೆಲ್ ಕೂರಿಸುವುದೋ?

ಅಮ್ಮತ್ತಿ_ಲ್ಯಾಂಡಿ:

ಎಲ್ಲರಿಗೂ ನಮಸ್ಕಾರ. ಗಾಡಿ 1960ರ ಲ್ಯಾಂಡ್ ರೋವರ್ ಸೀರೀಸ್ 2, 88 ಇಂಚಿನ ವೀಲ್‌ಬೇಸ್, 2.25 ಲೀಟರ್ ಪೆಟ್ರೋಲ್. ತೋಟದ ಶೆಡ್ಡಿನಲ್ಲಿ ಹಲವು ಮಳೆಗಾಲದಿಂದ ನಿಂತೇ ಇದೆ. ಹ್ಯಾಂಡಲ್ ಹಾಕಿ ಒತ್ತಿದರೆ ಕ್ರ್ಯಾಂಕ್ ಅಲುಗುವುದೇ ಇಲ್ಲ. ರೇಡಿಯೇಟರ್ ಬಾಯಿ ತೆಗೆದರೆ ಕೆಂಪು ರಾಡಿ. ಆರ್‌ಸಿ ಪುಸ್ತಕ ಇದೆ, ಅದರಲ್ಲಿರುವ ಎಂಜಿನ್ ನಂಬರೂ ಬ್ಲಾಕಿನ ಮೇಲಿರುವ ನಂಬರೂ ಒಂದೇ. ಬಾಡಿ ಅಲ್ಯೂಮಿನಿಯಂ ಆದ್ದರಿಂದ ಚೆನ್ನಾಗಿದೆ, ಚಾಸಿಯ ಹಿಂದಿನ ಅಡ್ಡಪಟ್ಟಿ ಮಾತ್ರ ತುಕ್ಕು ತಿಂದಿದೆ.

ಗ್ಯಾರೇಜಿನಲ್ಲಿ ಕೇಳಿದರೆ "ಈ ಎಂಜಿನ್ ಸತ್ತಿದೆ, ಮ್ಯಾಟಡಾರ್ ಡೀಸೆಲ್ ಕೂರಿಸಿ, ತೋಟಕ್ಕೂ ಆಗುತ್ತೆ" ಅನ್ನುತ್ತಾರೆ. ಗಾಡಿಯನ್ನು ಮೂಲ ರೂಪದಲ್ಲಿ ಉಳಿಸಬೇಕು ಎಂಬ ಆಸೆಯೂ ಇದೆ. ಯಾವ ಆಧಾರದ ಮೇಲೆ ನಿರ್ಧಾರ ಮಾಡಬೇಕು? ತಿಳಿದವರು ವಿವರವಾಗಿ ಹೇಳಿ.

ಲೇತ್_ಕುಶಾಲನಗರ:

ಬಿಚ್ಚಿ ಅಳೆಯದೆ ಎಂಜಿನ್ ಸತ್ತಿದೆ ಅನ್ನುವ ಹಾಗಿಲ್ಲ ಸರ್. ನಿಂತ ಎಂಜಿನ್ ಜಾಮ್ ಆಗುವುದಕ್ಕೆ ಬಹುತೇಕ ಒಂದೇ ಕಾರಣ. ನಿಲ್ಲಿಸಿದ ಹೊತ್ತಿಗೆ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅದರೊಳಗೆ ತೇವದ ಗಾಳಿ ಹೋಗಿ ಪಿಸ್ಟನ್ ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಎರಡೂ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಗೆ ಅಷ್ಟು ಸಾಕು. ನಾಲ್ಕೂ ಸಿಲಿಂಡರ್ ಕೆಟ್ಟಿರುವುದು ಅಪರೂಪ, ಒಂದೋ ಎರಡೋ ಹಿಡಿದಿರುತ್ತವೆ.

ಮೊದಲು ನಾಲ್ಕೂ ಪ್ಲಗ್ ತೆಗೆಯಿರಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಪ್ರತಿ ಸಿಲಿಂಡರಿಗೆ 40 ಎಂಎಲ್‌ನಷ್ಟು ಸುರಿಯಿರಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು, ಹತ್ತಿರ ಬೀಡಿ, ವೆಲ್ಡಿಂಗ್ ಏನೂ ಬೇಡ. ಒಂದು ವಾರ ಬಿಡಿ, ಇಳಿದು ಹೋದಷ್ಟನ್ನು ಮತ್ತೆ ತುಂಬಿ. ಈ ಮಧ್ಯೆ ರಾಕರ್ ಕವರ್ ತೆಗೆದು ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ (ವಾಲ್ವ್ ಅಂತರ ಹೊಂದಿಸುವ ಸ್ಕ್ರೂ) ಪೂರ್ತಿ ಸಡಿಲಿಸಿ. ವಾಲ್ವ್ ಗೈಡಿನಲ್ಲಿ ಹಿಡಿದುಕೊಂಡಿದ್ದರೆ ಕ್ರ್ಯಾಂಕ್ ತಿರುಗಿದ ಕೂಡಲೇ ಪುಶ್‌ರಾಡ್ ಬಾಗುತ್ತದೆ, ಅದನ್ನು ತಪ್ಪಿಸಲು ಇದು ಬೇಕು. ಆಮೇಲೆ ಕ್ರ್ಯಾಂಕ್ ಮುಂದಿನ ನಟ್‌ಗೆ ಉದ್ದದ ಬಾರ್ ಹಾಕಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಒಂದೇ ಕಡೆಗೆ ಒತ್ತಿ ಹಿಡಿಯಬೇಡಿ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ: ಗೇರ್ ಹಾಕಿ ಟ್ರ್ಯಾಕ್ಟರಿನಲ್ಲಿ ಎಳೆಸುವುದು. ನಮ್ಮ ಕಡೆ ತೋಟಗಳಲ್ಲಿ ಇದು ರೂಢಿ. ಎಳೆದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ರಿಂಗ್ ಕೂರುವ ಪಿಸ್ಟನ್ ಅಂಚು ಒಡೆಯುತ್ತದೆ, ಮುರಿದ ಚೂರು ಬೋರ್ ಗೀರುತ್ತದೆ. ಉಳಿಯಬಹುದಾಗಿದ್ದ ಬ್ಲಾಕು ಹಾಳಾಗುವುದು ಇಲ್ಲೇ.

ಬಿಡದಿದ್ದರೆ ಹೆಡ್ ತೆಗೆದು, ಚೇಂಬರ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಇಳಿಸಿ, ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿದಿರುವ ಬಿಗ್ ಎಂಡ್ ಕ್ಯಾಪ್ ಬಿಚ್ಚಿ, ಹಿಡಿದಿರುವ ಪಿಸ್ಟನ್ ಒಂದನ್ನೇ ಗಟ್ಟಿ ಮರದ ತುಂಡಿಟ್ಟು ತಟ್ಟಿ ಹೊರಗೆ ತನ್ನಿ. ಪಿಸ್ಟನ್ ಹೋದರೆ ಹೋಗಲಿ, ಹೇಗಿದ್ದರೂ ಹೊಸದು ಬೇಕು.

ಅಳತೆ ಹೀಗೆ. ಈ ಎಂಜಿನಿನ ಮೂಲ ಬೋರ್ 90.47 ಎಂಎಂ, ಸ್ಟ್ರೋಕ್ 88.9 ಎಂಎಂ, ಒಟ್ಟು 2,286 ಸಿಸಿ. ಬೋರ್ ಗೇಜಿನಲ್ಲಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಪ್ರತಿ ಮಟ್ಟದಲ್ಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಮೇಲ್ಗಡೆ ರಿಂಗ್ ಓಡುವ ಜಾಗ ಮತ್ತು ಕೆಳಗಿನ ಸವೆಯದ ಜಾಗಕ್ಕೆ 0.15 ಎಂಎಂ ಹತ್ತಿರ ವ್ಯತ್ಯಾಸ ಬಂದರೆ ಬರೀ ರಿಂಗ್ ಬದಲಾಯಿಸಿ ಪ್ರಯೋಜನವಿಲ್ಲ, ರೀಬೋರ್ ಮಾಡಲೇಬೇಕು, ಅಂದರೆ ಬೋರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡಬೇಕು. ಪಿಸ್ಟನ್ 10, 20, 30, 40 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜಿನಲ್ಲಿ ಬರುತ್ತವೆ. 40 ಥೌ ದಾಟಿದರೂ ಬ್ಲಾಕ್ ಬಿಸಾಡಬೇಕಿಲ್ಲ, ಸ್ಲೀವ್ (ಬೋರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿ ಸ್ಟ್ಯಾಂಡರ್ಡ್‌ಗೆ ತರಬಹುದು.

ಬ್ಲಾಕ್ ನಿಜವಾಗಿ ಕೈಬಿಡಬೇಕಾಗುವುದು ಮೇನ್ ಬೇರಿಂಗ್ ಕೂರುವ ಗೋಡೆಯಲ್ಲಿ ಬಿರುಕಿದ್ದರೆ, ಅಥವಾ ರಾಡ್ ಒಡೆದು ಬದಿಯಲ್ಲಿ ತೂತಾಗಿದ್ದರೆ. ಅಳತೆ ತಂದು ಹಾಕಿ, ಮುಂದಿನದು ಹೇಳುತ್ತೇನೆ.

ಡೀಸೆಲ್_ಸಿದ್ದಾಪುರ:

ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಸಿಗುವುದು ಲೀಟರಿಗೆ 6-7 ಕಿಲೋಮೀಟರ್ ಕೊಡುವ ಪೆಟ್ರೋಲ್ ಎಂಜಿನ್. ತೋಟದಲ್ಲಿ ದಿನಾ ಕಾಫಿ ಚೀಲ ಹೊರುವ ಗಾಡಿಗೆ ಅದು ಸರಿಹೋಗುವುದಿಲ್ಲ. ಡೀಸೆಲ್‌ಗೆ ಪಾಯಿಂಟು, ಕಾಯಿಲು, ಡಿಸ್ಟ್ರಿಬ್ಯೂಟರ್ ಅಂತ ಕಿಡಿ ಹೊತ್ತಿಸುವ ಭಾಗಗಳಿಲ್ಲ, ಮಳೆಯಲ್ಲಿ ಒದ್ದೆಯಾಗಿ ನಿಲ್ಲುವ ರಗಳೆ ಇಲ್ಲ. ಬಿಡಿಭಾಗ ಗೋಣಿಕೊಪ್ಪದಲ್ಲೇ ಸಿಗುತ್ತದೆ. ಗಾಡಿ ಓಡಿದರೆ ತಾನೇ ಉಳಿಯುವುದು? ಶೆಡ್ಡಿನಲ್ಲಿ ಮೂಲ ಎಂಜಿನ್ ಇಟ್ಟುಕೊಂಡು ನಿಂತ ಗಾಡಿಗಿಂತ, ಡೀಸೆಲ್ ಹಾಕಿಸಿಕೊಂಡು ಓಡುವ ಗಾಡಿ ಮೇಲು ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಹಳೆ ಗಾಡಿಗಳು ಗುಜರಿಗೆ ಹೋಗದೆ ಉಳಿದದ್ದು ಡೀಸೆಲ್ ಹಾಕಿದ್ದರಿಂದಲೇ.

ಟೂ_ಎ_ಪೊನ್ನಂಪೇಟೆ:

ಅಣ್ಣ, ಡೀಸೆಲ್ ಹಾಕಿದ್ದರಿಂದ ಎಷ್ಟೋ ಗಾಡಿ ಉಳಿದವು, ಅದು ನಿಜ. ಆದರೆ "ಡೀಸೆಲ್ ಹಾಕಿದರೆ ಎಳೆತ ಜಾಸ್ತಿ" ಅಂತ ಹೇಳಿ ಹಾಕಿಸುವವರು ಅಂಕಿ ನೋಡಬೇಕು. ಮ್ಯಾಟಡಾರ್ ಎಂಜಿನ್ ಮೂಲದಲ್ಲಿ ಮರ್ಸಿಡಿಸ್‌ನ ಓಎಂ616, 2,399 ಸಿಸಿ. 240ಡಿ ಕಾರಿನಲ್ಲಿ ಅದು ಕೊಡುತ್ತಿದ್ದ ಟಾರ್ಕ್ 137 ನ್ಯೂಟನ್ ಮೀಟರ್. ಲ್ಯಾಂಡ್ ರೋವರಿನ 2.25 ಪೆಟ್ರೋಲ್ 2,500 ಆರ್‌ಪಿಎಂನಲ್ಲಿ 124 ಪೌಂಡ್ ಅಡಿ, ಅಂದರೆ ಸುಮಾರು 168 ನ್ಯೂಟನ್ ಮೀಟರ್. ಆರೋಗ್ಯವಾಗಿರುವ ಮೂಲ ಎಂಜಿನ್ನೇ ಹೆಚ್ಚು ಎಳೆಯುತ್ತದೆ. ಸವೆದು ಹೋದ ಪೆಟ್ರೋಲ್ ಎಂಜಿನ್ ತೆಗೆದು ಚೆನ್ನಾಗಿರುವ ಡೀಸೆಲ್ ಹಾಕಿದಾಗ ಎಳೆತ ಬಂದಂತೆ ಕಾಣುತ್ತದೆ, ಅಷ್ಟೇ. ಇಂಧನ ಉಳಿತಾಯದ ಮಾತು ಬೇರೆ, ಅದನ್ನು ಒಪ್ಪುತ್ತೇನೆ.

ಕೂರಿಸುವ ಕೆಲಸದಲ್ಲಿ ತೊಡಕು ಎಲ್ಲಿ ಬರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಎಂಜಿನ್ ಮತ್ತು ಬೆಲ್ ಹೌಸಿಂಗ್ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಆ ಪ್ಲೇಟಿನ ನಡುಬಿಂದು ಕ್ರ್ಯಾಂಕಿನ ನಡುಬಿಂದುವಿಗೆ ಸರಿ ಕೂರದಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ವಾಲಿಕೊಂಡೇ ತಿರುಗುತ್ತದೆ. ಮೊದಲು ಕ್ರ್ಯಾಂಕ್ ತುದಿಯ ಸ್ಪಿಗಾಟ್ ಬುಷ್ ತಿನ್ನುತ್ತದೆ, ಆಮೇಲೆ ಮುಂದಿನ ಬೇರಿಂಗ್. ಕ್ಲಚ್ ಬಿಡುವಾಗ ನಡುಕ ಬಂದರೆ, ಟಾಪ್ ಗೇರಿನಲ್ಲಿ ಸಣ್ಣ ಶಬ್ದ ಬಂದರೆ ಕಾರಣ ಇಲ್ಲೇ ಹುಡುಕಿ. ಪ್ಲೇಟ್ ಬೋಲ್ಟ್ ಮಾಡಿದ ಮೇಲೆ ಡಯಲ್ ಗೇಜನ್ನು ಕ್ರ್ಯಾಂಕಿಗೆ ಕಟ್ಟಿ ಹೌಸಿಂಗಿನ ಒಳಸುತ್ತು ನೋಡಬೇಕು, 0.2 ಎಂಎಂ ಒಳಗೆ ಇರಲಿ. ಬರೀ ಕಣ್ಣಳತೆಯಲ್ಲಿ ತೂತು ಹಾಕುವ ಲೇತ್‌ಗೆ ಈ ಕೆಲಸ ಕೊಡಬೇಡಿ.

ಎರಡನೆಯದು ಆಯಿಲ್ ಚೇಂಬರ್. ಮುಂದಿನ ಆಕ್ಸಲ್ ಎಂಜಿನ್ ಕೆಳಗೇ ಇರುತ್ತದೆ. ಸ್ಪ್ರಿಂಗ್ ಪೂರ್ತಿ ಅದುಮಿದಾಗ ಡಿಫರೆನ್ಷಿಯಲ್ ಚೇಂಬರಿಗೆ ತಾಗಬಾರದು. ಅದಕ್ಕೆ ಚೇಂಬರ್ ಕತ್ತರಿಸಿ ಬೆಸುಗೆ ಹಾಕುತ್ತಾರೆ, ಆಗ ಪಂಪಿನ ಸಕ್ಷನ್ ಪೈಪಿನ ಸ್ಥಾನ ಬದಲಾಗುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಪಂಪು ಗಾಳಿ ಎಳೆದರೆ ಬೇರಿಂಗ್ ಕತೆ ಮುಗಿಯಿತು. ಚಾಸಿ ಮೇಲಿನ ಮೂಲ ಎಂಜಿನ್ ಮೌಂಟ್ ಕತ್ತರಿಸಿ ಎಸೆದರೆ ಹಿಂದಿರುಗುವ ದಾರಿಯೂ ಮುಚ್ಚುತ್ತದೆ.

ಮೂರನೆಯದು ಇಳಿಜಾರು. ಪೆಟ್ರೋಲ್ ಎಂಜಿನಿನಲ್ಲಿ ಕಾಲು ತೆಗೆದ ಕೂಡಲೇ ಥ್ರಾಟಲ್ ಮುಚ್ಚಿ ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಥ್ರಾಟಲ್ ಪ್ಲೇಟ್ ಇಲ್ಲದ ಡೀಸೆಲ್‌ಗಳಲ್ಲಿ ಆ ಹಿಡಿತ ಕಮ್ಮಿ. 88 ಇಂಚಿನ ಗಾಡಿಗೆ ಇರುವುದು 10 ಇಂಚಿನ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು, ಬೂಸ್ಟರ್ ಇಲ್ಲ. ಮಾಕುಟ್ಟದ ಕಡೆ ಲೋಡಿನಲ್ಲಿ ಇಳಿಯುವಾಗ ಈ ವ್ಯತ್ಯಾಸ ಸಣ್ಣದಲ್ಲ. ಡೀಸೆಲ್ ಹಾಕುವುದೇ ಆದರೆ 109 ಇಂಚಿನ ಗಾಡಿಯ 11 ಇಂಚಿನ ಬ್ರೇಕನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನೂ ದೊಡ್ಡ ಟರ್ಬೊ ಡೀಸೆಲ್ ಹಾಕುವವರಿಗೆ ಒಂದು ಮಾತು: ಚಕ್ರ ತಿರುಗಿಸುವ ಹಿಂದಿನ ಹಾಫ್ ಶಾಫ್ಟ್‌ನ ಡಿಫರೆನ್ಷಿಯಲ್ ತುದಿಯಲ್ಲಿ 10 ಸ್ಪ್ಲೈನ್ (ಹಲ್ಲು) ಮಾತ್ರ ಇರುವುದು. ಮೂಲ ಎಂಜಿನಿನಲ್ಲೇ ಮುರಿಯುವ ಭಾಗ ಅದು. ಲೋ ಗೇರಿನಲ್ಲಿ, ಕೆಸರಲ್ಲಿ ಹೂತ ಚಕ್ರಕ್ಕೆ ಟಾರ್ಕ್ ಹೆಚ್ಚು ಕೊಟ್ಟಷ್ಟೂ ಬೇಗ ಮುರಿಯುತ್ತದೆ.

ಕಾಗದಪತ್ರ_ವಿರಾಜಪೇಟೆ:

ಯಂತ್ರದ ಮಾತು ತಿಳಿದವರು ಹೇಳಿದ್ದಾರೆ, ಕಾಗದದ ಮಾತು ಸೇರಿಸುತ್ತೇನೆ. ಎಂಜಿನಿಗೆ ಕೈ ಹಾಕುವ ಮುಂಚೆ ಇದು ತಿಳಿದಿರಲೇಬೇಕು.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಪೆಟ್ರೋಲ್ ಎಂದು ಬರೆದಿರುವ ಆರ್‌ಸಿ ಇಟ್ಟುಕೊಂಡು ಡೀಸೆಲ್ ಓಡಿಸಿದರೆ, ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೇ ಎಂಜಿನ್ ನಂಬರು. ಏನೇ ಬದಲಾವಣೆ ಇದ್ದರೂ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಮೊದಲು ಲಿಖಿತ ಅನುಮತಿ, ಆಮೇಲೆ ಕೆಲಸ. ಕೆಲಸ ಮುಗಿಸಿ ಅನುಮತಿ ಕೇಳಲು ಹೋಗಬೇಡಿ.

ಎರಡನೆಯದು ವಿಂಟೇಜ್ ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎ ಇಂದ ಶುರುವಾಗುವ ನಿಯಮಗಳು ಸೇರಿದವು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು; ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ ಮಾರ್ಪಾಡು ಆಗಿರಬಾರದು ಎಂಬ ಷರತ್ತು ಅಲ್ಲೇ ಇದೆ. ಅದೇ ಎಂಜಿನ್ನನ್ನು ರೀಬೋರ್ ಮಾಡಿ, ಸ್ಲೀವ್ ಹಾಕಿ ದುರಸ್ತಿ ಮಾಡುವುದು ಬೇರೆ. ಬೇರೆ ಎಂಜಿನ್ ತಂದು ಕೂರಿಸುವುದು ಬೇರೆ.

ಅರ್ಜಿ ಫಾರ್ಮ್ 20ರಲ್ಲಿ, ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಆಮೇಲಿನ ಮರುನೋಂದಣಿಗೆ 5,000. ಸಿಂಧುತ್ವ 10 ವರ್ಷ. ಈಗಾಗಲೇ ನೋಂದಣಿ ಇರುವ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ, ಕೊಡಗು ಬೇರೆ ರಾಜ್ಯವಾಗಿದ್ದ ಕಾಲದ ನಂಬರ್ ಇರುವವರಂತೂ ಅದನ್ನು ಬಿಟ್ಟುಕೊಡಲೇಬಾರದು. ಕೊಡಗಿನ ಇತಿಹಾಸದ ಒಂದು ತುಂಡು ಅದು.

ಆದರೆ ಗಮನಿಸಿ, ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗೆ ಇಳಿಸಬಹುದು. ದಿನಾ ಓಡಿಸಬೇಕಾದರೆ ಮಾಮೂಲಿ ಆರ್‌ಸಿಯನ್ನೇ ಫಾರ್ಮ್ 25ರಲ್ಲಿ 5 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಿ. ಯಾವುದು ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿದರೆ ಎಂಜಿನ್ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಇನ್ನೊಂದು. ಬ್ಲಾಕಿಗೆ ಸ್ಯಾಂಡ್ ಬ್ಲಾಸ್ಟ್ ಮಾಡಿಸುವಾಗ ನಂಬರಿನ ಮೇಲೆ ದಪ್ಪ ಟೇಪ್ ಅಂಟಿಸಿ. ಚಾಸಿ ನಂಬರ್ ಮುಂದಿನ ಬಲಗಡೆ ಸ್ಪ್ರಿಂಗ್ ಹಿಡಿಕೆಯ ಮೇಲೆ ಕೊರೆದಿರುತ್ತದೆ. ಅಲ್ಲಿ ಗ್ರೈಂಡರ್ ಆಡಿಸಬೇಡಿ. ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿದಾಗ ಪೆನ್ಸಿಲ್ ಪ್ರಿಂಟ್ ಬರದಿದ್ದರೆ ಇನ್‌ಸ್ಪೆಕ್ಟರ್ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಅಮ್ಮತ್ತಿ_ಲ್ಯಾಂಡಿ:

ಎಲ್ಲರಿಗೂ ಧನ್ಯವಾದ. ಹೆಡ್ ತೆಗೆದಾಯಿತು, ಅಳತೆ ಹೀಗಿದೆ. 1, 3, 4ನೇ ಬೋರ್ ಮೇಲ್ಗಡೆ 90.58ರಿಂದ 90.60. 2ನೇ ಸಿಲಿಂಡರಿನಲ್ಲಿ ನಡುವೆ ತುಕ್ಕಿನ ಗುಳಿ, ಆಳ ಸುಮಾರು 0.4 ಎಂಎಂ, ಹಿಡಿದಿದ್ದದ್ದು ಅದೇ. ಕ್ರ್ಯಾಂಕಿನ ಮೇನ್ ಜರ್ನಲ್‌ಗಳು (ಬೇರಿಂಗ್ ಕೂರುವ ಭಾಗ) ಚೆನ್ನಾಗಿವೆ. 3ನೇ ಬಿಗ್ ಎಂಡ್ ಜರ್ನಲ್‌ನಲ್ಲಿ ಉಗುರಿಗೆ ಸಿಗುವ ಗೀರು. ಬ್ಲಾಕಿನಲ್ಲಿ ಬಿರುಕು ಕಾಣಲಿಲ್ಲ. ಈ ಅಳತೆಗೆ 40 ಥೌ ಬೋರ್ ಮಾಡಿಸಿದರೆ ಸಾಕೇ? ಗುಳಿ ಹೋಗುತ್ತದೆ ಅಲ್ಲವೇ?

ಲೇತ್_ಕುಶಾಲನಗರ:

ಒಳ್ಳೆಯ ಸುದ್ದಿ, ಈ ಬ್ಲಾಕ್ ಗಟ್ಟಿಯಾಗಿದೆ. ಆದರೆ ನೇರವಾಗಿ 40ಕ್ಕೆ ಹೋಗಬೇಡಿ. 40 ಥೌ ಅಂದರೆ ವ್ಯಾಸದಲ್ಲಿ 1.016 ಎಂಎಂ, ಒಂದು ಬದಿಗೆ 0.5. ಗುಳಿ 0.4 ಇದ್ದರೆ ಕಷ್ಟಪಟ್ಟು ಹೋಗಬಹುದು, ಆದರೆ ಚೆನ್ನಾಗಿರುವ ಮೂರು ಬೋರಿನ ಲೋಹವನ್ನೂ ಸುಮ್ಮನೆ ಕೊರೆದಂತಾಗುತ್ತದೆ, ಮುಂದಿನ ಸಲಕ್ಕೆ ಏನೂ ಉಳಿಯುವುದಿಲ್ಲ. 2ನೇ ಸಿಲಿಂಡರಿಗೆ ಮಾತ್ರ ಸ್ಲೀವ್ ಹಾಕಿಸಿ, ನಾಲ್ಕನ್ನೂ 20 ಥೌಗೆ ಮುಗಿಸಿ. ನಾಲ್ಕು ಪಿಸ್ಟನ್ ಒಂದೇ ಸೈಜಿನದಾಗಿ ತೂಕವೂ ಸಮವಿರುತ್ತದೆ. ಮೊದಲು ಪಿಸ್ಟನ್ ಕೈಗೆ ಬರಲಿ, ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ. ಪೆಟ್ಟಿಗೆ ಮೇಲೆ ಬರೆದ ಸೈಜ್ ನಂಬಿ ಮೊದಲೇ ಬೋರ್ ಮಾಡಿಸಬೇಡಿ. ರಿಂಗಿನ ಬಾಯಿ ಬೋರಿನಲ್ಲಿಟ್ಟು ನೋಡಿದಾಗ 0.38ರಿಂದ 0.50 ಎಂಎಂ ಇರಲಿ.

ಕ್ರ್ಯಾಂಕಿನ ಬಿಗ್ ಎಂಡ್ ನಾಲ್ಕನ್ನೂ ಒಂದೇ ಅಂಡರ್‌ಸೈಜಿಗೆ ಗ್ರೈಂಡ್ ಮಾಡಿಸಿ. ಗೀರು 10 ಥೌಗೆ ಹೋದರೆ 10, ಇಲ್ಲವಾದರೆ 20. ಜರ್ನಲ್ ಅಂಚಿನ ಗುಂಡು ತಿರುವನ್ನು ಚೂಪಾಗಿ ಬಿಟ್ಟರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ, ಗ್ರೈಂಡರ್‌ನವರಿಗೆ ಬಾಯಿಬಿಟ್ಟು ಹೇಳಿ.

ಈಗ ಕೆಂಪು ರಾಡಿಯ ವಿಷಯ. ಕೆರೆ ನೀರು, ತೋಡಿನ ನೀರು ಹಾಕಿ ಓಡಿಸಿದ ಎಂಜಿನ್‌ಗಳಲ್ಲಿ ಕೆಸರು ಹೋಗಿ ಕೂರುವುದು ಹಿಂದಿನ 4ನೇ ಸಿಲಿಂಡರ್ ಸುತ್ತ. ರೇಡಿಯೇಟರ್ ಎಷ್ಟು ತೊಳೆದರೂ ಅದು ಹೋಗದು. ಬ್ಲಾಕಿನ ಬದಿಯ ಕೋರ್ ಪ್ಲಗ್‌ಗಳನ್ನೆಲ್ಲ ಕಿತ್ತು ಗಟ್ಟಿ ತಂತಿಯಿಂದ ಕೆದಕಿ, ನೀರಿನ ಪ್ರೆಶರ್ ಹೊಡೆದು, ಆಮೇಲೆ ನೂರಕ್ಕೆ 5ರಷ್ಟು ಸಿಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ವಾಷಿಂಗ್ ಸೋಡಾ ನೀರಲ್ಲಿ ತೊಳೆಯಿರಿ. ಕೋರ್ ಪ್ಲಗ್ ಹಿತ್ತಾಳೆಯದು ಹಾಕಿ. ಇದೆಲ್ಲ ಬೋರಿಂಗ್‌ಗೆ ಮುಂಚೆ ಮುಗಿಯಬೇಕು, ಆಮೇಲಲ್ಲ.

ಜೋಡಿಸುವಾಗ ಎರಡು ಜಾಗದಲ್ಲಿ ಎಚ್ಚರ ಬೇಕು.

ಈ ಎಂಜಿನಿನ ಟ್ಯಾಪೆಟ್ ಚಪ್ಪಟೆಯದಲ್ಲ, ರೋಲರ್. ಟ್ಯಾಪೆಟ್ಟಿನ ಒಂದು ಬದಿಯಲ್ಲಿ 'ಫ್ರಂಟ್' ಎಂದು ಗುರುತಿದೆ, ಅದು ಎಂಜಿನಿನ ಮುಂದಕ್ಕೇ ಇರಬೇಕು. ಗೈಡುಗಳನ್ನು ಹಿಡಿದಿರುವ ಬೋಲ್ಟುಗಳಿಗೆ ಮತ್ತೆ ಲಾಕಿಂಗ್ ತಂತಿ ಹಾಕದೆ ಬಿಡಬೇಡಿ. ರೋಲರ್ ಇರುವುದರಿಂದ ಒಂದು ಅನುಕೂಲವೂ ಇದೆ: ಈಗಿನ ಎಣ್ಣೆಯಲ್ಲಿ ಸವೆತ ತಡೆಯುವ ಜಿಂಕ್ ಕಮ್ಮಿ ಎಂಬ ಚಿಂತೆ ಅಂಬಾಸಿಡರ್, ಮೈನರ್‌ನ ಚಪ್ಪಟೆ ಟ್ಯಾಪೆಟ್‌ಗೆ ಇರುವಷ್ಟು ಇದಕ್ಕಿಲ್ಲ. 20ಡಬ್ಲ್ಯು-50 ಮಿನರಲ್ ಎಣ್ಣೆ, ಚೇಂಬರಿಗೆ 6.25 ಲೀಟರ್, ಫಿಲ್ಟರಿಗೆ ಮತ್ತೆ 0.85.

ಎರಡನೆಯದು ಹಿಂದಿನ ಮೇನ್ ಬೇರಿಂಗ್ ಕ್ಯಾಪ್. ಅದರ ಎರಡೂ ಬದಿಗೆ ಇಂಗ್ಲಿಷ್ 'ಟಿ' ಆಕಾರದ ಸೀಲ್ ಬರುತ್ತದೆ. ಕ್ಯಾಪ್ ಒತ್ತುವಾಗ ಬ್ಲಾಕಿನ ಚೂಪು ಅಂಚು ಈ ಸೀಲನ್ನು ಸಿಪ್ಪೆ ಸುಲಿದಂತೆ ಹೆರೆದು ಹಾಕುತ್ತದೆ. ಬ್ಲಾಕಿನ ಆ ಅಂಚನ್ನು ಮೊದಲೇ ಅರದಿಂದ ಸ್ವಲ್ಪ ಮುರಿದು, ಸೀಲಿಗೆ ಎಣ್ಣೆ ಸವರಿ, ಕ್ಯಾಪನ್ನು ನೇರವಾಗಿ ಇಳಿಸಬೇಕು. ಕೂತ ಮೇಲೆ ಸೀಲಿನ ತುದಿಯನ್ನು ಚೇಂಬರ್ ಮಟ್ಟಕ್ಕಿಂತ 0.8 ಎಂಎಂ ಮೇಲಿರುವಂತೆ ಬ್ಲೇಡಿನಲ್ಲಿ ಕತ್ತರಿಸಿ. ಮಟ್ಟಕ್ಕೆ ಸರಿಯಾಗಿ ಕತ್ತರಿಸಿದರೆ ಚೇಂಬರ್ ಪ್ಯಾಕಿಂಗಿಗೆ ಒತ್ತಡ ಸಿಗದೆ ಅಲ್ಲೇ ಸೋರುತ್ತದೆ. "ಲ್ಯಾಂಡ್ ರೋವರ್ ಎಣ್ಣೆ ಸೋರುವುದು ಸಹಜ" ಅನ್ನುವ ಮಾತಿನ ಮೂಲ ಬಹಳಷ್ಟು ಸಲ ಇದೇ.

ಹೆಡ್‌ನ ಅರ್ಧ ಇಂಚಿನ ಬೋಲ್ಟುಗಳಿಗೆ 65 ಪೌಂಡ್ ಅಡಿ, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ. ಟ್ಯಾಪೆಟ್ ಅಂತರ ಎರಡೂ ವಾಲ್ವ್‌ಗೆ 10 ಥೌ. ಮೊದಲ 800 ಕಿಲೋಮೀಟರ್ ಆದ ಮೇಲೆ ಹೆಡ್ ಮತ್ತೊಮ್ಮೆ ಬಿಗಿದು ಟ್ಯಾಪೆಟ್ ನೋಡಿ. ಎಂಜಿನ್ ಬಿಸಿಯಾದಾಗ ಓಟದಲ್ಲಿ ಆಯಿಲ್ ಪ್ರೆಶರ್ 35ರಿಂದ 65 ಪೌಂಡ್ ನಡುವೆ ಇರಬೇಕು.

ಮೈನರ್_ಮಡಿಕೇರಿ:

ಇದೇ ವಿಷಯಕ್ಕೆ ಹತ್ತಿರದ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ಕಾರು ಮಾರಿಸ್ ಮೈನರ್, 'ಎಂಎಂ' ಮಾದರಿ, 918 ಸಿಸಿ ಸೈಡ್ ವಾಲ್ವ್ (ವಾಲ್ವ್ ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲೇ ಇರುವ ಎಂಜಿನ್). ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ನೀರು ಕುದಿಯುತ್ತದೆ. 1098 ಸಿಸಿ ಎಂಜಿನ್ ಹಾಕಿಸಿ ಅನ್ನುತ್ತಾರೆ. ಇನ್ನೊಂದು, ಈಗಿನ ಎಥೆನಾಲ್ ಪೆಟ್ರೋಲಿಗೆ ಹಳೆ ಎಂಜಿನ್ ಇಟ್ಟುಕೊಳ್ಳಬಹುದೇ?

ಟೂ_ಎ_ಪೊನ್ನಂಪೇಟೆ:

918ಕ್ಕೆ ವಾಟರ್ ಪಂಪೇ ಇಲ್ಲ. ಬಿಸಿ ನೀರು ಮೇಲೇರಿ, ತಣ್ಣೀರು ಕೆಳಗಿಳಿದು ತಾನಾಗಿಯೇ ಸುತ್ತುವ ವ್ಯವಸ್ಥೆ. ರೇಡಿಯೇಟರಿನ ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಸುತ್ತುವುದು ಪೂರ್ತಿ ನಿಂತೇಹೋಗುತ್ತದೆ. ಅರ್ಧ ಲೀಟರ್ ಕಮ್ಮಿಯಾದರೂ ಕುದಿಯಲು ಅಷ್ಟೇ ಸಾಕು. ಮಡಿಕೇರಿ ಎತ್ತರ 1,150 ಮೀಟರ್ ಹತ್ತಿರ, ಅಲ್ಲಿ ನೀರು ಕುದಿಯುವುದೇ ಸುಮಾರು 96 ಡಿಗ್ರಿಗೆ. ಹಾಗಾಗಿ ಘಾಟಿ ಏರಿದಂತೆಲ್ಲ ಅಂತರ ಕಿರಿದಾಗುತ್ತದೆ.

ಎಂಜಿನ್ ಬದಲಾಯಿಸುವ ಮುಂಚೆ ಇಗ್ನಿಷನ್ ಟೈಮಿಂಗ್ ನೋಡಿ. ಸೈಡ್ ವಾಲ್ವ್ ಎಂಜಿನಿನಲ್ಲಿ ಎಕ್ಸಾಸ್ಟ್ ದಾರಿ ಬ್ಲಾಕಿನೊಳಗೇ ಹಾದುಹೋಗುತ್ತದೆ. ಟೈಮಿಂಗ್ ತಡವಾಗಿದ್ದರೆ ಉರಿಯುತ್ತಿರುವ ಅನಿಲವೇ ಆ ದಾರಿಗೆ ಇಳಿದು ನೀರನ್ನು ಕಾಯಿಸುತ್ತದೆ. ಡಿಸ್ಟ್ರಿಬ್ಯೂಟರಿನ ತೂಕದ ಸ್ಪ್ರಿಂಗ್ ತುಕ್ಕು ಹಿಡಿದು ಅಡ್ವಾನ್ಸ್ ಆಗದೆ ಇರುವುದು ನಮ್ಮ ಹವೆಯಲ್ಲಿ ಮಾಮೂಲು. ಆಮೇಲೆ ಬ್ಲಾಕಿನ ಕೆಸರು, ಆಮೇಲೆ ರೇಡಿಯೇಟರ್ ಕೋರ್. ಇಷ್ಟಾದರೂ ಕುದಿದರೆ ಆ ಕಾಲದಲ್ಲೇ ಹೀಟರ್ ಜೊತೆ ಬರುತ್ತಿದ್ದ ವಾಟರ್ ಪಂಪ್ ಹುಡುಕಿ ಹಾಕಿ, ಎಂಜಿನ್ ಮೂಲದ್ದೇ ಉಳಿಯುತ್ತದೆ.

1098 ಹಾಕಿದರೆ ಅದರ ಜೊತೆ ಗೇರ್‌ಬಾಕ್ಸೂ ಬರಬೇಕು. ಆ ಎಂಜಿನ್ ಇರುವ ಮೈನರ್‌ಗೆ ತಯಾರಕರೇ ಮುಂದಿನ ಬ್ರೇಕ್ ಡ್ರಮ್ಮನ್ನು 7ರಿಂದ 8 ಇಂಚಿಗೆ ಏರಿಸಿದರು, ಅಂದರೆ ಬ್ರೇಕೂ ಬದಲಾಗಬೇಕು.

ಎಥೆನಾಲ್ ವಿಷಯಕ್ಕೆ ಎಂಜಿನ್ ಬದಲಾಯಿಸುವ ಅಗತ್ಯ ಖಂಡಿತ ಇಲ್ಲ. ಇ20ರಲ್ಲಿ (ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲ್) ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಅದೇ ಜೆಟ್ಟಿಗೆ (ಪೆಟ್ರೋಲ್ ಬಿಡುವ ಸಣ್ಣ ತೂತು) ಮಿಶ್ರಣ ನೂರಕ್ಕೆ 7-8ರಷ್ಟು ತೆಳುವಾಗುತ್ತದೆ. ಆದರೆ ಮಡಿಕೇರಿ ಎತ್ತರದಲ್ಲಿ ಗಾಳಿ ವಿರಳ, ಆ ಕಾರಣಕ್ಕೆ ಅದೇ ಜೆಟ್ಟು ನೂರಕ್ಕೆ 6ರಷ್ಟು ದಟ್ಟ ಮಿಶ್ರಣ ಕೊಡುತ್ತದೆ. ಹಾಗಾಗಿ ಮಡಿಕೇರಿ, ಸೋಮವಾರಪೇಟೆಯಲ್ಲೇ ಓಡುವ ಗಾಡಿಗೆ ಮೂಲ ಜೆಟ್ಟು ಬಹುತೇಕ ಸರಿಯಾಗಿಯೇ ಹೊಂದುತ್ತದೆ. ತೊಂದರೆ ಸುಳ್ಯ, ಮಂಗಳೂರು, ಇರಿಟ್ಟಿ ಕಡೆ ಇಳಿದಾಗ: ಅಲ್ಲಿ ಎತ್ತರದ ಲಾಭ ಹೋಗಿ ತೆಳು ಮಿಶ್ರಣ ಮಾತ್ರ ಉಳಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಕಾಲು ಒತ್ತಿದಾಗ ಕಾರ್ಬುರೇಟರಿನಲ್ಲಿ ಸೀನುತ್ತದೆ. ಕೆಳಗೆ ಹೆಚ್ಚು ಓಡಾಡುವವರು ಎಸ್‌ಯು ಕಾರ್ಬುರೇಟರ್ ಇದ್ದರೆ ಜೆಟ್ ನಟ್ಟನ್ನು ಒಂದೆರಡು ಮುಖದಷ್ಟು ಕೆಳಗಿಳಿಸಿ. ಸೋಲೆಕ್ಸ್ ಕಾರ್ಬುರೇಟರ್ ಇದ್ದರೆ ಮೇನ್ ಜೆಟ್ಟನ್ನು ಒಂದು ಸೈಜ್ ಏರಿಸಿ, 125 ಇದ್ದ ಕಡೆ 130. ಪ್ಲಗ್ ಬಣ್ಣ ಬಿಳಿಯಾಗದೆ ತಿಳಿ ಕಂದು ಇರಲಿ.

ಇ20ರ ನಿಜವಾದ ಹಾನಿ ಇರುವುದು ರಬ್ಬರಿನಲ್ಲಿ, ನಿಂತ ಟ್ಯಾಂಕಿನಲ್ಲಿ. ಹಳೆ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಕ್ ಪ್ಯಾಕಿಂಗ್ ಎಲ್ಲ ಬದಲಾಯಿಸಿ, ವಿಟಾನ್ ಒಳಪದರದ ಪೈಪ್ ಹಾಕಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ನೀರಿನ ಜೊತೆ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪು ಎಳೆಯುವುದೂ ಅಲ್ಲಿಂದಲೇ. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಗಾಡಿ ನಿಲ್ಲಿಸುವವರು ಮಳೆಗೆ ಮುಂಚೆ ಟ್ಯಾಂಕ್, ಕಾರ್ಬುರೇಟರ್ ಬೌಲ್ ಎರಡನ್ನೂ ಪೂರ್ತಿ ಖಾಲಿ ಮಾಡಿ.

ಸೀಸದ ಪೆಟ್ರೋಲ್ 2000ನೇ ಇಸವಿಯಲ್ಲೇ ನಿಂತಿತು, ಅದಕ್ಕಾಗಿ ವಾಲ್ವ್ ಸೀಟಿನ ಚಿಂತೆ ಮಾಡುವವರಿದ್ದಾರೆ. 918ರಲ್ಲಿ ಸೀಟು ಬ್ಲಾಕಿನಲ್ಲೇ ಇದೆ. ಗಟ್ಟಿ ಸೀಟು ಕೂರಿಸಲು ಬ್ಲಾಕನ್ನೇ ಕೊರೆಯಬೇಕು, ಸ್ವಲ್ಪ ಆಚೀಚೆ ಆದರೂ ನೀರಿನ ದಾರಿಗೆ ತೂತಾಗುತ್ತದೆ. ಟ್ಯಾಪೆಟ್ ಅಂತರ ಪದೇ ಪದೇ ಕಮ್ಮಿಯಾಗುತ್ತಿದ್ದರೆ ಮಾತ್ರ ಮಾಡಿಸಿ.

ಲ್ಯಾಂಡ್‌ಮಾಸ್ಟರ್_ಸೋಮವಾರಪೇಟೆ:

ಎಂಜಿನ್ ಬದಲಾಯಿಸುವುದೇ ಸರಿ ಅನ್ನುವ ಸಂದರ್ಭವೂ ಇದೆ, ಅದನ್ನೂ ಹೇಳಬೇಕು. ಮೂಲ ಎಂಜಿನ್ ಎಂದೋ ಗುಜರಿಗೆ ಹೋಗಿ, ಈಗ ಯಾವುದೋ ಡೀಸೆಲ್ ಕೂತಿರುವ ಲ್ಯಾಂಡ್‌ಮಾಸ್ಟರ್ (ಅಂಬಾಸಿಡರ್‌ಗೆ ಮುಂಚಿನ ಕಾರು), ಹಳೆ ಅಂಬಾಸಿಡರ್‌ಗಳಿಗೆ ಮೂಲದ 1476 ಸಿಸಿ ಸೈಡ್ ವಾಲ್ವ್ ಹುಡುಕಿ ವರ್ಷಗಟ್ಟಲೆ ಗಾಡಿ ನಿಲ್ಲಿಸುವುದು ಬೇಡ. 1489 ಸಿಸಿ ಬಿಎಂಸಿ ಎಂಜಿನ್ ಹಾಕಿ. ಅಂಬಾಸಿಡರ್‌ಗೆ ಕಂಪನಿಯೇ ಸೈಡ್ ವಾಲ್ವ್ ಬಿಟ್ಟು ಇದನ್ನು ಹಾಕಿತು, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸಾಕು. 1990ರ ದಶಕದ 1.8 ಇಸುಜು ಇನ್ನೂ ಚುರುಕು, ಆದರೆ ಅದರ ಐದು ಗೇರಿನ ಬಾಕ್ಸಿಗೆ ಹಿಂದಿನ ಮೌಂಟೂ ಪ್ರೊಪೆಲ್ಲರ್ ಶಾಫ್ಟ್ ಉದ್ದವೂ ಬದಲಾಗಬೇಕು, ಡ್ರಮ್ ಬ್ರೇಕ್ ಆ ವೇಗಕ್ಕೆ ಸಾಲದು. 1950ರ ದಶಕದ ಗಾಡಿಯ ನಡಿಗೆಯೇ ಹೋಗಿಬಿಡುತ್ತದೆ ಅಂತ ನನಗೆ ಅನ್ನಿಸುತ್ತದೆ.

1489ರ ಕ್ಯಾಮ್ ಹೊಸದಾದರೆ ಮೊದಲ ಸಲ ಸ್ಟಾರ್ಟ್ ಮಾಡಿದ ಕೂಡಲೇ 2,000ದಿಂದ 2,500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ, ಐಡಲ್‌ಗೆ ಬಿಡಬೇಡಿ. ಚಪ್ಪಟೆ ಟ್ಯಾಪೆಟ್‌ಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದಾಗ. ನಿಧಾನ ತಿರುಗಿದರೆ ಕ್ಯಾಮ್ ತುದಿ ಮೊದಲ ದಿನವೇ ಸವೆಯುತ್ತದೆ.

ಡೀಸೆಲ್_ಸಿದ್ದಾಪುರ:

ಅಮ್ಮತ್ತಿಯವರ ಬ್ಲಾಕಿನ ಅಳತೆ ನೋಡಿದ ಮೇಲೆ ನಾನೂ ಮೂಲ ಎಂಜಿನ್ ಕಟ್ಟಿಸಿ ಅಂತಲೇ ಹೇಳುತ್ತೇನೆ. ಒಂದು ಸ್ಲೀವು, 20 ಥೌ ಬೋರು, ಒಂದು ಕ್ರ್ಯಾಂಕ್ ಗ್ರೈಂಡಿಂಗ್. ಅಡಾಪ್ಟರ್, ಚೇಂಬರ್, ಮೌಂಟ್, ಬ್ರೇಕ್ ಎಲ್ಲ ಮಾಡುವುದಕ್ಕಿಂತ ಇದು ಸಣ್ಣ ಕೆಲಸ. ತೋಟದ ಲೋಡಿಗೆ ಬೇರೆ ಗಾಡಿ ಇರಲಿ. ಆದರೆ ಈಗಾಗಲೇ ಡೀಸೆಲ್ ಹಾಕಿಸಿ, ಮೂಲ ಎಂಜಿನ್ ಮೂಲೆಯಲ್ಲಿ ಬಿದ್ದಿರುವವರು ಏನು ಮಾಡಬೇಕು?

ಲೇತ್_ಕುಶಾಲನಗರ:

ಅದನ್ನು ಮಣ್ಣಿನ ನೆಲದ ಮೇಲೆ ಬಿಡಬೇಡಿ ಅಣ್ಣ. ನೀರು ಪೂರ್ತಿ ಬಸಿಯಿರಿ, ಬ್ಲಾಕ್ ಪಕ್ಕದ ಡ್ರೈನ್ ತೆರೆದರೂ ಹನಿಯದಿದ್ದರೆ ಕೆಸರು ಕಟ್ಟಿದೆ ಅಂತ ಅರ್ಥ, ತಂತಿ ಹಾಕಿ ಚುಚ್ಚಿ. ಹಳೆ ಎಣ್ಣೆಯಲ್ಲಿ ಆಮ್ಲ ಇರುತ್ತದೆ, ತೆಗೆದು ಹೊಸ ಎಣ್ಣೆ ತುಂಬಿ. ಪ್ಲಗ್ ತೂತಿನಿಂದ ಪ್ರತಿ ಸಿಲಿಂಡರಿಗೆ 30 ಎಂಎಲ್ ಎಣ್ಣೆ ಬಿಟ್ಟು ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ. ಟ್ಯಾಪೆಟ್ ಸ್ಕ್ರೂ ಸಡಿಲಿಸಿದರೆ ಎಲ್ಲ ವಾಲ್ವೂ ಮುಚ್ಚಿಕೊಂಡು ತೇವ ಒಳಗೆ ಹೋಗುವುದಿಲ್ಲ. ಮ್ಯಾನಿಫೋಲ್ಡ್ ಬಾಯಿಗಳಿಗೆ ತಗಡು ಬೋಲ್ಟ್ ಮಾಡಿ. ಬಟ್ಟೆ ತುರುಕಿದರೆ ಅದೇ ನೀರು ಹಿಡಿದಿಡುತ್ತದೆ. ನೆಲದಿಂದ ಒಂದಡಿ ಮೇಲೆ ಮರದ ಕಟ್ಟಿನಲ್ಲಿ ಬೋಲ್ಟ್ ಮಾಡಿ ನಿಲ್ಲಿಸಿ. ಮೂಲ ಎಂಜಿನ್ ಮೌಂಟ್, ಬೆಲ್ ಹೌಸಿಂಗ್, ಫ್ಲೈವೀಲ್, ಕಾರ್ಬುರೇಟರ್, ಮ್ಯಾನಿಫೋಲ್ಡ್, ಆಕ್ಸಲರೇಟರ್ ಕಡ್ಡಿಗಳು ಎಲ್ಲವೂ ಅದರ ಜೊತೆಯಲ್ಲೇ ಇರಲಿ. ಎಂಜಿನ್ ಸಿಕ್ಕಿ ಈ ಸಣ್ಣ ಭಾಗಗಳು ಕಳೆದುಹೋದರೆ ಮತ್ತೆ ಕೂರಿಸುವುದು ದುಪ್ಪಟ್ಟು ಕೆಲಸ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಮತ್ತೆ ಎಣ್ಣೆ ಹಾಕಿ ತಿರುಗಿಸಿ.